ತಾಂಡಾ ನಿಂತ ಮೇಲೆ

ನಮ್ಮ ಮನೆಗಳಲ್ಲಿ ಉಪ್ಪಿಗೆ ಎಷ್ಟೊಂದು ಮರ್ಯಾದೆ! ದೀಪ ಹಚ್ಚಿದ ಮೇಲೆ ಉಪ್ಪನ್ನು ನೆರೆಮನೆಗೆ ಕೊಡಬಾರದು, ಕೈಯಿಂದ ಕೈಗೆ ಹಾಕಬಾರದು, ಚೆಲ್ಲಬಾರದು, ತುಳಿಯಬಾರದು. ಯಾರದಾದರೂ ಉಪ್ಪು ತಿಂದರೆ ಅವರಿಗೆ ಎರಡು ಬಗೆಯಬಾರದು. ಇಷ್ಟೆಲ್ಲ ಕಟ್ಟುಕಟ್ಟಳೆ ಕಲಿಸಿದ ನಮ್ಮ ಅಜ್ಜಿಯರು ಒಂದು ಮಾತನ್ನು ಮಾತ್ರ ಹೇಳಿಕೊಡಲಿಲ್ಲ. ರೈಲು, ಲಾರಿ ಇಲ್ಲದ ಕಾಲದಲ್ಲಿ ಸಮುದ್ರದ ದಂಡೆಯ ಉಪ್ಪು ಘಟ್ಟ ಹತ್ತಿ ಬಳ್ಳಾರಿಯ ಬಿಸಿಲಿನವರೆಗೆ ಬಂದದ್ದು ಹೇಗೆ? ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಚರಿತ್ರೆಯ ಪಾಠ ಹೇಳಿದವಳು ನಾನು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರು ಬಂದರು, ಹೋದರು, ಯುದ್ಧ ಮಾಡಿದರು. ಅವರ ಸೈನ್ಯಕ್ಕೆ ಊಟ ತಂದವರು ಯಾರು, ಊರಿನ ಮಡಕೆಗೆ ಉಪ್ಪು ಹಾಕಿದವರು ಯಾರು ಎನ್ನುವ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಉತ್ತರ ನಮ್ಮ ಕಣ್ಣ ಮುಂದೆಯೇ ಓಡಾಡುತ್ತಿತ್ತು. ಹೊಸಪೇಟೆಯ ಬೀದಿಗಳಲ್ಲಿ ಕನ್ನಡಿಯ ಲಂಗ ತೊಟ್ಟು, ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಬರುತ್ತಿದ್ದ ಲಂಬಾಣಿ ಹೆಂಗಸರನ್ನು ನೋಡದವರು ನಮ್ಮ ತಲೆಮಾರಿನಲ್ಲಿ ಯಾರಿದ್ದಾರೆ? ಚೌಕಾಶಿ ಮಾಡಿ ನಾಲ್ಕಾಣೆ ಕಡಿಮೆ ಮಾಡಿಸಿ ಕಟ್ಟಿಗೆ ಇಳಿಸಿಕೊಳ್ಳುತ್ತಿದ್ದ ನಮಗೆ, ಆ ಹೆಸರಿನಲ್ಲೇ ಉಪ್ಪು ಇದೆ ಎಂದು ಹೊಳೆದಿರಲಿಲ್ಲ. ಲವಣ ಎಂದರೆ ಉಪ್ಪು. ಲವಣ ಹೊತ್ತವರು ಲಮಾಣಿ, ಲಂಬಾಣಿ ಆದರು ಎಂದು ಬಲ್ಲವರು ಹೇಳುತ್ತಾರೆ. ಬಂಜಾರ ಎಂಬ ಇನ್ನೊಂದು ಹೆಸರನ್ನು ಕೆಲವರು ವಣಿಜ, ವಾಣಿಜ್ಯ ಎಂಬ ಮಾತುಗಳಿಗೆ ಜೋಡಿಸುತ್ತಾರೆ, ಕೆಲವರು ಕಾಡಿನಲ್ಲಿ ಸಂಚರಿಸುವವರು ಎಂದು ಬಿಡಿಸುತ್ತಾರೆ. ಅವರು ಮಾತ್ರ ತಮ್ಮನ್ನು ಗೋರ್ ಎಂದು ಕರೆದುಕೊಳ್ಳುತ್ತಾರೆ. ಉಳಿದ ನಾವೆಲ್ಲ, ಎಷ್ಟೇ ದೊಡ್ಡ ಕುಲದವರಾಗಲಿ, ಅವರ ಲೆಕ್ಕದಲ್ಲಿ ಕೋರ್. ಈ ಮಾತು ಕೇಳಿದಾಗ ನನಗೆ ನಗು ಬಂತು, ಸ್ವಲ್ಪ ಸಂತೋಷವೂ ಆಯಿತು. ನಾವು ಅವರನ್ನು ಹೊರಗಿನವರೆಂದು ಎಣಿಸುತ್ತಿದ್ದಷ್ಟು ದಿನವೂ ಅವರ ಲೆಕ್ಕದಲ್ಲಿ ಹೊರಗಿನವರು ನಾವೇ ಆಗಿದ್ದೆವು!

ತಾಂಡಾ ಎಂದರೆ ಈಗ ಊರ ಹೊರಗಿನ ಒಂದು ವಸತಿ. ಮೊದಲು ಅದು ನಡೆಯುವ ಊರು. ಎತ್ತಿನ ಬೆನ್ನ ಮೇಲೆ ಎರಡೂ ಕಡೆಗೆ ತೂಗುವಂತೆ ಗೋಣಿ ಹೇರಿ, ಗಂಡಸರು, ಹೆಂಗಸರು, ಮಕ್ಕಳು, ನಾಯಿಗಳು ಎಲ್ಲ ಒಟ್ಟಿಗೆ ಹೊರಡುವ ಆ ಮೆರವಣಿಗೆಗೇ ತಾಂಡಾ ಎಂದು ಹೆಸರು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಹಿಂದೂಸ್ಥಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಎದುರಾದ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವೆಂದು ಬರೆದಿಟ್ಟಿದ್ದಾನೆ. ಎಲ್ಲದರ ಮೇಲೂ ಗೋಧಿ, ಅಕ್ಕಿ ಮುಂತಾದ ದವಸ. ಒಂದು ತಾಂಡಾದಲ್ಲಿ ಆರೇಳು ನೂರು ಜನ; ನಡಿಗೆ ದಿನಕ್ಕೆ ಆರೇಳು ಮೈಲಿ. ಎತ್ತು ಮೇಯುತ್ತ ಹೋಗಬೇಕಲ್ಲ, ಅವಸರ ಮಾಡಿದರೆ ಹೇಗೆ? ಮುಂದೆ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ಇವರಲ್ಲಿ ನಾಲ್ಕು ಪಂಗಡಗಳನ್ನು ಕಂಡ. ಒಬ್ಬರು ಜೋಳ ಗೋಧಿಯಂಥ ಕಾಳು, ಒಬ್ಬರು ಅಕ್ಕಿ, ಒಬ್ಬರು ಬೇಳೆ, ಒಬ್ಬರು ಉಪ್ಪು. ನಮ್ಮ ಸಾಮಾನಿನ ಚೀಟಿಯೇ ಕಾಲು ಮೂಡಿ ನಡೆದಂತೆ!

ನಮ್ಮ ಕಡೆಯ ದಾರಿ ಬೇರೆ. ಧಾರವಾಡ ಸೀಮೆಯ ಹತ್ತಿ, ಕಾಳು ಹೇರಿಕೊಂಡು ಲಮಾಣಿಗರು ಘಟ್ಟ ಇಳಿದು ಕುಮಟಾದಂಥ ಬಂದರುಗಳಿಗೆ ಹೋಗುತ್ತಿದ್ದರು. ಬರುವಾಗ ಅದೇ ಎತ್ತುಗಳ ಮೇಲೆ ಉಪ್ಪು, ತೆಂಗಿನಕಾಯಿ. ಹೀಗೆ ಬೆನ್ನ ಮೇಲೆ ಹೊರುವ ಎತ್ತಿಗೆ ಹೇರೆತ್ತು ಎಂಬ ಚೆಂದದ ಕನ್ನಡ ಮಾತಿದೆ, ಈಗ ಯಾರೂ ಬಳಸುವುದಿಲ್ಲ. ತಾಂಡಾದಲ್ಲಿ ಒಂದು ಎತ್ತಿನ ಮೇಲೆ ಮಾತ್ರ ಹೇರು ಹೇರುತ್ತಿರಲಿಲ್ಲ. ಅದಕ್ಕೆ ಹಟಾಡಿಯಾ ಎಂದು ಹೆಸರು. ಕೆಂಪು ರೇಷ್ಮೆಯ ಕುಚ್ಚು, ಗಂಟೆ, ಗೆಜ್ಜೆಗಳಿಂದ ಸಿಂಗರಿಸಿದ ಆ ಎತ್ತು ದೇವರ ಸಮಾನ. ಸಂಜೆ ಅದು ಎಲ್ಲಿ ಮಲಗುತ್ತದೋ ಅಲ್ಲೇ ಆ ರಾತ್ರಿಯ ಬಿಡಾರ. ಮನೆ ಎಲ್ಲಿ ಕಟ್ಟಬೇಕೆಂದು ವಾಸ್ತು ನೋಡಿಸುವ ನಾವು ಈ ಎತ್ತನ್ನು ಹಗುರಾಗಿ ಕಾಣುವ ಹಾಗಿಲ್ಲ.

ಇವರಿಲ್ಲದೆ ಯುದ್ಧವೂ ನಡೆಯುತ್ತಿರಲಿಲ್ಲ. ಮೊಗಲರ ಸೈನ್ಯ ದಖನ್ನಿಗೆ ಬಂದಾಗ ದವಸ ಒದಗಿಸಿದ ನಾಯಕರಿಗೆ ಆಸಫ್ ಖಾನನು ಚಿನ್ನದ ಅಕ್ಷರದ ತಾಮ್ರಪಟ ಕೊಟ್ಟನೆಂದು ಅವರಲ್ಲಿ ಐತಿಹ್ಯವಿದೆ. ಬಾಯಾರಿದರೆ ಯಾರ ಮನೆಯ ಹಂಡೆಯ ನೀರನ್ನಾದರೂ ಅವರು ತೆಗೆದುಕೊಳ್ಳಬಹುದು, ಮೇವಿಲ್ಲದಿದ್ದರೆ ಗುಡಿಸಲ ಮಾಡಿನ ಹುಲ್ಲನ್ನೂ ಕೀಳಬಹುದು ಎಂದು ಅದರಲ್ಲಿತ್ತಂತೆ. ಇನ್ನು ನಮ್ಮ ಟಿಪ್ಪುವಿನ ಕಾಲದ ಕಥೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತರೂ ಹಿಂದಿರುಗಬೇಕಾಯಿತು. ಎತ್ತುಗಳು ಸತ್ತಿದ್ದವು, ದವಸ ತೀರಿತ್ತು. ಎಳೆಯಲಾಗದ ದೊಡ್ಡ ತೋಪುಗಳನ್ನು ಅಲ್ಲೇ ಒಡೆದು ಹಾಕಿ ಹೋದರು. 1792ರಲ್ಲಿ ಅದೇ ಸೈನ್ಯ ಗೆದ್ದಾಗ ಅದರ ಹಿಂದೆ ಬ್ರಿಂಜಾರಿಗಳ ಸಾವಿರಾರು ಎತ್ತುಗಳಿದ್ದವು. ಬ್ರಿಂಜಾರಿ ಎಂದರೆ ಇವರೇ. ಇಂಗ್ಲಿಷರ ಬಾಯಲ್ಲಿ ಬಂಜಾರ ಹಾಗಾಗಿತ್ತು. 1803ರ ಮರಾಠರ ಯುದ್ಧದಲ್ಲಿ ಆರ್ಥರ್ ವೆಲೆಸ್ಲಿಯ ಪತ್ರಗಳಲ್ಲಿ ಮತ್ತೆ ಮತ್ತೆ ಅವರದೇ ಮಾತು. ದವಸ ಬೇಕಾದ ಎರಡು ಕಡೆಯವರಿಗೂ ಮಾರುತ್ತಿದ್ದರಾದ್ದರಿಂದ ಎರಡು ಕಡೆಯವರೂ ಅವರ ಮೈಮುಟ್ಟುತ್ತಿರಲಿಲ್ಲ.

ಇದೆಲ್ಲ ಗಂಡಸರ ಬರಹದಿಂದ ತಿಳಿದದ್ದು. ಹೆಂಗಸರ ಮಾತು ನಾನು ಕೇಳಿದ್ದು ಸುಮಾರು ಮೂವತ್ತು ವರ್ಷದ ಹಿಂದೆ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಲಂಬಾಣಿ ಟೀಚರೊಬ್ಬಳು ದೀಪಾವಳಿಗೆ ಸಂಡೂರಿನ ಕಡೆಯ ತನ್ನ ತಾಂಡಾಕ್ಕೆ ಕರೆದುಕೊಂಡು ಹೋದಾಗ. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರೆಲ್ಲ ಕೈಯಲ್ಲಿ ದೀಪ ಹಿಡಿದು ಹಾಡುತ್ತ ಮನೆಮನೆಗೂ ಹೋಗುತ್ತಾರೆ. ಅದಕ್ಕೆ ಮೇರಾ ಎನ್ನುತ್ತಾರೆ. ಮೊದಲು ನಾಯಕನ ಮನೆ, ಆಮೇಲೆ ಉಳಿದವರದು. ಬೆಳಗಾದರೆ ಅದೇ ಹುಡುಗಿಯರು ಅಡವಿಗೆ ಹೋಗಿ ಹೂ ತಂದು ಸಗಣಿಯ ಗುಪ್ಪೆಗಳಿಗೆ ಸಿಕ್ಕಿಸುತ್ತಾರೆ. ಹಾಡುತ್ತಿದ್ದವರಲ್ಲಿ ಇಬ್ಬರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಏನಾಯಿತೆಂದು ಗಾಬರಿಯಿಂದ ಕೇಳಿದೆ. ‘ಅವರದು ಮದುವಿ ಗೊತ್ತಾಗೇತಿ ಅಕ್ಕಾರೆ. ತವರಿನಾಗ ಇದೇ ಕಡೀ ಮೇರಾ’ ಎಂದಳು ಗೆಳತಿ. ನನಗೂ ಕಣ್ಣು ಮಂಜಾಯಿತು. ತವರಿನ ಕೊನೆಯ ಹಬ್ಬ ಯಾವ ಹೆಣ್ಣಿಗೆ ಮರೆತೀತು?

ಗೆಳತಿಯ ಅಜ್ಜಿಗೆ ಆಗಲೇ ಎಂಬತ್ತು ದಾಟಿತ್ತು. ಫೇಟಿಯಾ ಎಂಬ ಲಂಗ, ಬೆನ್ನಿನ ಮೇಲೆ ದಾರ ಕಟ್ಟುವ ಕಾಂಚಳಿ, ಮೇಲೆ ಕನ್ನಡಿ ಕವಡೆಯ ಹೊದಿಕೆ, ಇಷ್ಟನ್ನೂ ಹೊತ್ತು ಆ ಮುದುಕಿ ಸರಸರ ಓಡಾಡುತ್ತಿದ್ದಳು. ಅವರ ಕಸೂತಿಯಲ್ಲಿ ಕಿಲನ್, ವೇಲೆ, ಬಕ್ಯಾ, ಮಾಕಿ, ನಕ್ರಾ ಎಂದು ಹದಿನಾಲ್ಕು ಬಗೆಯ ಹೊಲಿಗೆಗಳಿವೆ. ಕೆನ್ನೆಯ ಪಕ್ಕಕ್ಕೆ ಇಳಿಬೀಳುವ ಬೆಳ್ಳಿಯ ಘುಗರಿ, ತೋಳಿನ ಮೇಲ್ಭಾಗದ ಚೂಡೋ ಬಳೆ ಮುತ್ತೈದೆಯರಿಗೆ ಮಾತ್ರ. ನಮ್ಮ ತಾಳಿ ಕಾಲುಂಗುರದ ಹಾಗೆ. ಅಷ್ಟು ಬೆಳ್ಳಿಯನ್ನು ಮೈಮೇಲೇಕೆ ಹೊರಬೇಕು ಎಂದರೆ ಅಜ್ಜಿ ನನ್ನನ್ನು ಮರುಕದಿಂದ ನೋಡಿದಳು. ‘ನಡಿಯೋರಿಗೆ ಟ್ರಂಕು ಎಲ್ಲೈತಿ ತಂಗೀ? ಮೈಯೇ ಟ್ರಂಕು.’

ಆ ಅಜ್ಜಿಯ ಮದುವೆಗೆ ಗಂಡಿನವರು ಅವಳ ಅಪ್ಪನಿಗೆ ನಾಲ್ಕು ಎತ್ತು ಮತ್ತು ಬೆಳ್ಳಿಯ ರೂಪಾಯಿ ತೆರ ಕೊಟ್ಟಿದ್ದರಂತೆ. ಎತ್ತುಗಳ ಬಣ್ಣ ಕೂಡ ಅವಳಿಗೆ ನೆನಪಿತ್ತು. ಎಷ್ಟು ಹೆಮ್ಮೆಯಿಂದ ಹೇಳಿದಳು! ಹೆಣ್ಣಿಗೆ ತೆರ ಕೊಡುವುದು ಲಂಬಾಣಿಗರಲ್ಲಿ ಹಳೆಯ ಪದ್ಧತಿ. ಕಾರಣ ಊಹಿಸುವುದು ಕಷ್ಟವಲ್ಲ. ನಡೆಯುವ ಮನೆಯಲ್ಲಿ ಹೆಂಗಸು ಕೂತು ಉಣ್ಣುವ ಪ್ರಶ್ನೆಯೇ ಇಲ್ಲ. ಗೋಣಿ ಹೊಲಿಯಬೇಕು, ಹೇರು ಏರಿಸಬೇಕು, ಇಳಿಸಬೇಕು, ಎತ್ತು ನೋಡಬೇಕು, ಬಯಲಿನಲ್ಲಿ ಒಲೆ ಹೂಡಿ ಬೀಸಿ ರೊಟ್ಟಿ ಬಡಿಯಬೇಕು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮತ್ತೆ ನಡೆಯಬೇಕು. ಒಂದು ತಾಂಡಾದಿಂದ ಹುಡುಗಿ ಹೋದರೆ ದುಡಿಯುವ ಎರಡು ಕೈ ಹೋದಂತೆ. ಕೊಂಡೊಯ್ಯುವವರು ಅದನ್ನು ತುಂಬಿಕೊಡಬೇಕು. ವ್ಯಾಪಾರಸ್ಥರ ಲೆಕ್ಕ ಅದು, ನೇರವಾದ ಲೆಕ್ಕ.

ಮದುವೆಯ ಶಾಸ್ತ್ರಗಳಲ್ಲೂ ಆ ನಡೆಯುವ ಮನೆಯ ಗುರುತುಗಳಿವೆ. ರಾಠೋಡ, ಪವಾರ, ಚವ್ಹಾಣ, ಜಾಧವ ಮುಂತಾದ ಕುಲಗಳಲ್ಲಿ ತಮ್ಮದೇ ಕುಲದ ಹೆಣ್ಣು ತರುವಂತಿಲ್ಲ. ಸಂಬಂಧ ಕುದುರಿದರೆ ನಾಯಕ, ಕಾರಭಾರಿ ಮತ್ತು ಹಿರಿಯರ ಮುಂದೆ ಬೆಲ್ಲ ಹಂಚಿ ತಿನ್ನುತ್ತಾರೆ. ಬೆಲ್ಲ ತಿಂದ ಮೇಲೆ ಮಾತು ಮುರಿಯುವ ಹಾಗಿಲ್ಲ. ಲಗ್ನದಲ್ಲಿ ಮಂಟಪವೆಂದರೆ ನೆಲಕ್ಕೆ ನಿಲ್ಲಿಸಿದ ಎರಡು ಒನಕೆ, ಸುತ್ತ ಮಡಕೆಗಳು. ಅವುಗಳ ಸುತ್ತ ಏಳು ಸುತ್ತು ಬಂದರೆ ಮದುವೆಯಾಯಿತು. ಕಲ್ಲಿನ ಮಂಟಪ ಹೊತ್ತು ತಿರುಗಲಾದೀತೇ? ಒನಕೆಯಾದರೆ ಎತ್ತಿನ ಮೇಲೆ ಬರುತ್ತದೆ. ತವರು ಬಿಡುವ ಹೊತ್ತಿಗೆ ಹುಡುಗಿ ಎತ್ತಿನ ಬೆನ್ನಿನ ಮೇಲೆ ನಿಂತು, ಎರಡೂ ಕೈ ಎತ್ತಿ, ತಂದೆಯ ತಾಂಡಾಕ್ಕೆ ಒಳ್ಳೆಯದಾಗಲೆಂದು ಹಾಡುತ್ತಾಳೆ. ಅದು ಹವೇಲಿ. ಅದಕ್ಕೆ ಮೊದಲು ಅಳುತ್ತ ಹಾಡುವುದು ಢಾವಲೋ. ಹೀಗೆ ಅಳುವುದನ್ನು ಹಿರಿಯ ಹೆಂಗಸರು ಹುಡುಗಿಯರಿಗೆ ಕಲಿಸಿಕೊಡುತ್ತಾರೆ. ನಮ್ಮಲ್ಲಿ ಗಂಡನ ಮನೆಗೆ ಹೋಗುವ ಹುಡುಗಿ ಬಾಯಿ ಮುಚ್ಚಿಕೊಂಡು ಅಳಬೇಕು, ಅವರಲ್ಲಿ ಎತ್ತಿನ ಮೇಲೆ ನಿಂತು ಇಡೀ ಊರಿಗೆ ಕೇಳುವಂತೆ ಅಳಬಹುದು. ನನಗಂತೂ ಎರಡನೆಯದೇ ಹೆಚ್ಚು ಆರೋಗ್ಯವೆನ್ನಿಸುತ್ತದೆ.

ಶ್ರಾವಣದಲ್ಲಿ ತೀಜ್ ಬರುತ್ತದೆ. ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಮಣ್ಣು ತುಂಬಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು ಸಸಿ ಬೆಳೆಸುತ್ತಾರೆ. ಹೊಲವೇ ಇಲ್ಲದೆ ಬೇರೆಯವರ ದವಸ ಹೊತ್ತು ತಿರುಗಿದವರಲ್ಲಿ ಹುಡುಗಿಯರ ಹಬ್ಬವೆಂದರೆ ಒಂದು ಬುಟ್ಟಿಯ ಬೆಳೆ! ಹಾಗೆಂದು ತಾಂಡಾದಲ್ಲಿ ಹೆಣ್ಣಿನದೇ ರಾಜ್ಯವಿತ್ತೆಂದು ನಾನು ಹೇಳುವುದಿಲ್ಲ. ನಾಯಕ ಗಂಡಸೇ, ನ್ಯಾಯಕ್ಕೆ ಕೂರುವವರೂ ಗಂಡಸರೇ. ತೆರದ ಎತ್ತು ಹೋಗಿ ಸೇರುವುದು ಅಪ್ಪನ ಕೊಟ್ಟಿಗೆಗೆ. ಗಂಡ ಸತ್ತರೆ ಮೈದುನನನ್ನು ಕೂಡಿಕೊಳ್ಳಬೇಕೆಂಬ ವಾಡಿಕೆ ಇತ್ತು. ಅವಳ ಮನಸ್ಸನ್ನು ಕೇಳಿದವರು ಎಷ್ಟು ಜನರೋ. ಹೋಳಿಯಲ್ಲಿ ಧೂಂಡ ಎಂದು ಸಂಭ್ರಮ ಮಾಡುವುದು ಗಂಡುಮಗುವಿಗೆ. ಆದರೆ ಹೆಣ್ಣು ಹುಟ್ಟಿದರೆ ಮನೆ ಮುಳುಗಿತು ಎನ್ನುವ ಮಾತು ಆ ಅಜ್ಜಿಯ ಬಾಯಲ್ಲಿ ಬರಲಿಲ್ಲ.

ಈ ನಡಿಗೆಯನ್ನು ನಿಲ್ಲಿಸಿದ್ದು ಒಂದೇ ಏಟಲ್ಲ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. 1880ರ ದಶಕದಲ್ಲಿ ಹೊಸಪೇಟೆ, ಗದಗ, ಹುಬ್ಬಳ್ಳಿಗಳಿಗೂ ಹಳಿ ಬಂತು. ಒಂದು ತಾಂಡಾ ತಿಂಗಳುಗಟ್ಟಲೆ ಹೊರುವುದನ್ನು ಗೂಡ್ಸ್ ಗಾಡಿ ಒಂದೆರಡು ದಿನದಲ್ಲಿ ತಂದು ಸುರಿದರೆ ಎತ್ತಿನ ಪಾಡೇನು? ಉಪ್ಪಿನ ಮೇಲೆ ಸರ್ಕಾರದ ಹಿಡಿತ, ತೆರಿಗೆ. 1878ರ ಅರಣ್ಯ ಕಾಯಿದೆ ಬಂದ ಮೇಲೆ ಎತ್ತು ಮೇಯುತ್ತಿದ್ದ ಅಡವಿಗೆ ಬೇಲಿ. ಇಷ್ಟು ಸಾಲದೆಂದು 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು, 1911ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು. ಒಂದು ಕುಲದಲ್ಲಿ ಹುಟ್ಟಿದ್ದೇ ಅಪರಾಧ. ಹೆಸರು ಬರೆಸಬೇಕು, ಪೊಲೀಸರಿಗೆ ಹಾಜರಿ ಕೊಡಬೇಕು. ಕೆಲವು ಪ್ರಾಂತಗಳಲ್ಲಿ ಲಂಬಾಣಿಗರ ಹೆಸರೂ ಆ ಪಟ್ಟಿ ಸೇರಿತು. ಉಪ್ಪು ಹೊತ್ತು ತಿರುಗುತ್ತಿದ್ದ ಕೊರಚರಿಗೂ ಇದೇ ಗತಿಯಾಯಿತು. ಯಾರ ದವಸ ಉಂಡು ಶ್ರೀರಂಗಪಟ್ಟಣ ಗೆದ್ದರೋ ಅವರ ಮಕ್ಕಳು ಮೊಮ್ಮಕ್ಕಳನ್ನೇ ಕಳ್ಳರೆಂದು ಬರೆದುಕೊಂಡರು! ಸ್ವತಂತ್ರ ಭಾರತ ಆ ಕಾಯಿದೆಯನ್ನು 1952ರಲ್ಲಿ ತೆಗೆದುಹಾಕಿತು. ಜನರ ಬಾಯಿಂದ ಅದು ಅಷ್ಟು ಬೇಗ ಹೋಗಲಿಲ್ಲ.

ನಡೆಯುವ ಊರು ಹೀಗೆ ಊರ ಹೊರಗೆ ನಿಂತುಬಿಟ್ಟಿತು. ಎತ್ತು ಮಾರಿದರು, ಕಟ್ಟಿಗೆ ಮಾರಿದರು, ಒಣ ಭೂಮಿ ಹಿಡಿದರು, ರಸ್ತೆಗೆ ಜಲ್ಲಿ ಹೊತ್ತರು. ಈಗಲೂ ಸುಗ್ಗಿಯ ಕಾಲಕ್ಕೆ ಎಷ್ಟೋ ತಾಂಡಾಗಳಲ್ಲಿ ಮುದುಕರು, ಮಕ್ಕಳು ಮಾತ್ರ ಉಳಿಯುತ್ತಾರೆ. ದುಡಿಯುವವರು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ, ಬೆಂಗಳೂರು ಸೇರಿರುತ್ತಾರೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ಪಕ್ಕದ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಭಾಷೆಯ ಅಕ್ಕತಂಗಿಯರಿಗೆ ಗಡಿ ದಾಟಿದರೆ ಬೇರೆ ಸರ್ಟಿಫಿಕೇಟು. ಆದರೂ ಓದು ಬಂತು, ನೌಕರಿ ಬಂತು. ನನ್ನ ಗೆಳತಿಯಂಥವರು ಟೀಚರಾದರು, ನರ್ಸಾದರು, ಆಫೀಸರಾದರು. ಇದನ್ನು ಕಂಡು ಸಂತೋಷಪಡಬೇಕಾದದ್ದೇ.

ಅದರ ಜೊತೆಗೇ ಇನ್ನೊಂದು ಬಂತು. ಗಂಡು ನೌಕರಿಗೆ ಸೇರಿದ ಕೂಡಲೇ ತೆರ ತಲೆಕೆಳಗಾಯಿತು. ಕೊಡುತ್ತಿದ್ದವರು ಕೇಳತೊಡಗಿದರು. ಗೆಳತಿ ತನ್ನ ಮಗಳಿಗೆ ಗಂಡು ನೋಡುವಾಗ ಒಂದು ದಿನ ನಮ್ಮ ಮನೆಗೆ ಬಂದು ಸುಮ್ಮನೆ ಕೂತಳು. ಕಾಫಿ ಕೊಟ್ಟೆ, ಅದು ಆರಿತು. ಮಗಳು ನರ್ಸಿಂಗ್ ಓದಿ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಆದರೂ ಗಂಡಿನವರು ಹಣ, ಬಂಗಾರ, ಕಾರು ಎಂದು ಪಟ್ಟಿ ಕೊಟ್ಟಿದ್ದರು. ‘ನಮ್ಮಜ್ಜಿಗೆ ನಾಕು ಎತ್ತು ಬಂದಿದ್ದುವು ಅಕ್ಕಾರೆ. ನಾನು ಮಗಳನ್ನೂ ಕೊಟ್ಟು ಎತ್ತನ್ನೂ ಕೊಡಬೇಕೇನು?’ ಎಂದಳು. ನಿಮ್ಮಲ್ಲಿ ಈ ಪಿಡುಗು ಹೇಗೆ ಬಂತು ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ತಡೆದು, ‘ತಪ್ಪು ತಿಳಕೋಬ್ಯಾಡ್ರಿ, ಊರಾಗಿನವರನ್ನ ನೋಡೇ ಕಲತೀವಿ’ ಎಂದಳು. ವರದಕ್ಷಿಣೆ ನಿಷೇಧ ಕಾಯಿದೆ 1961ರಿಂದ ಇದೆ. ನಾವೆಲ್ಲ ಉಡುಗೊರೆ ಎಂದು ಹೆಸರು ಬದಲಾಯಿಸಿ ಅದನ್ನು ದಾಟಿದೆವು. ಅವರಿಗೂ ಆ ದಾರಿ ಗೊತ್ತಾಗಿದೆ.

ಇದು ಬರಿಯ ಖರ್ಚಿನ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 1999ರಲ್ಲಿ, ಮತ್ತೆ 2001ರಲ್ಲಿ ತೆಲಂಗಾಣದ ತಾಂಡಾಗಳ ಹೆಣ್ಣುಕೂಸುಗಳನ್ನು ದತ್ತಕದ ಹೆಸರಿನಲ್ಲಿ ಕೈಬದಲಾಯಿಸಿ ಮಾರುತ್ತಿದ್ದದ್ದು ಬಯಲಿಗೆ ಬಂತು. ಬಡತನ ಒಂದು ಕಾರಣ, ಮುಂದೆ ವರದಕ್ಷಿಣೆ ಕೊಡಬೇಕೆಂಬ ಹೆದರಿಕೆ ಇನ್ನೊಂದು. ಹೆಣ್ಣು ಹುಟ್ಟಿದರೆ ಎತ್ತು ಬಂದವೆಂದು ಎಣಿಸುತ್ತಿದ್ದವರ ಮನೆಗಳಲ್ಲಿ ಹೀಗಾದದ್ದು ಕೆಲವೇ ತಲೆಮಾರುಗಳಲ್ಲಿ.

ಒಳ್ಳೆಯದೂ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ದಾಖಲೆಯಲ್ಲಿ ಇಲ್ಲದಿದ್ದ ಸುಮಾರು 1,475 ವಸತಿಗಳು ಕಂದಾಯ ಗ್ರಾಮಗಳಾದವು. ಅವುಗಳಲ್ಲಿ ತಾಂಡಾಗಳೂ ಇವೆ. ನಿಂತು ನೂರು ವರ್ಷವಾದ ಮೇಲೆ ನಿಂತ ನೆಲಕ್ಕೆ ಕಾಗದ ಸಿಕ್ಕಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ನಾನೂರೈವತ್ತಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿಯ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯಾಯಿತು. ಗೋವಾದ ಅಂಜುನಾದಲ್ಲಿ ಬುಧವಾರದ ಸಂತೆಗೆ ಹೋದವರು ಬೆಳ್ಳಿ, ಚೀಲ, ಹೊದಿಕೆ ಹರಡಿಕೊಂಡು ವಿದೇಶೀಯರೊಡನೆ ಅವರದೇ ಭಾಷೆಯಲ್ಲಿ ವ್ಯಾಪಾರ ಕುದುರಿಸುವ ಲಂಬಾಣಿ ಹೆಂಗಸರನ್ನು ನೋಡಿರಬಹುದು. ನನಗೆ ಅವರನ್ನು ಕಂಡರೆ ಖುಷಿ. ಎತ್ತು ಹೋದರೂ ಸಮುದ್ರದ ದಂಡೆಯಲ್ಲಿ ಅವರ ವ್ಯಾಪಾರ ನಿಂತಿಲ್ಲ.

ಗೆಳತಿಯ ಮಗಳ ಮದುವೆ ಇನ್ನೂ ಆಗಿಲ್ಲ. ಹೋದ ತಿಂಗಳು ಮತ್ತೊಂದು ಸಂಬಂಧ ಬಂದಿತ್ತಂತೆ. ಪಟ್ಟಿಯ ಮಾತು ಬಂದ ಕೂಡಲೇ ಮಗಳು ತಾನೇ ಹೊರಗೆ ಬಂದು, ಮುತ್ತಜ್ಜಿಯ ನಾಲ್ಕು ಎತ್ತಿನ ಲೆಕ್ಕ ಹೇಳಿ, ಈಗ ಒಂದು ಜೋಡಿ ಎತ್ತಿಗೆ ಲಕ್ಷದ ಮೇಲಿದೆ, ನೀವು ಎಷ್ಟು ಜೋಡಿ ತರುತ್ತೀರಿ ಎಂದು ಕೇಳಿದಳಂತೆ. ಬಂದವರು ಬೆಲ್ಲ ತಿನ್ನದೆ ಎದ್ದು ಹೋದರು. ಹೇಳುವಾಗ ಗೆಳತಿಯ ದನಿಯಲ್ಲಿ ಚಿಂತೆಯೂ ಇತ್ತು, ನಗುವೂ ಇತ್ತು. ಹುಡುಗಿ ಮಾರನೆಯ ದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದಳು, ಡ್ಯೂಟಿ ಇತ್ತು.